ಕಾಯುವ ಹೊತ್ತಿಗೊಂದು ಛತ್ರ

ಕಳೆದ ಚಳಿಗಾಲದಲ್ಲಿ ನಮ್ಮ ಬಳಗದ ಏಳು ಜನ ಕಾಶಿಗೆ ಹೋಗಿದ್ದೆವು. ಮೂರು ದಿನಗಳ ಯಾತ್ರೆ. ಮರಳುವ ದಿನ ಬೆಳಿಗ್ಗೆ ಒಂಬತ್ತೂವರೆಗೆ ಬಾಬತ್‌ಪುರದ ಲಾಲ್ ಬಹಾದ್ದೂರ್ ಶಾಸ್ತ್ರಿ ವಿಮಾನ ನಿಲ್ದಾಣದ ಬಾಗಿಲಲ್ಲಿ ಇಳಿದು ಚೀಲಗಳನ್ನು ಎಣಿಸಿಕೊಳ್ಳುತ್ತಿದ್ದಾಗ ಎಲ್ಲರ ಮೊಬೈಲುಗಳೂ ಒಟ್ಟಿಗೆ ಸದ್ದು ಮಾಡಿದವು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಹೊರಡಬೇಕಾಗಿದ್ದ ವಿಮಾನ ಸಂಜೆ ಏಳಕ್ಕೆ ಹೊರಡಲಿತ್ತು. ಮಂಜು ಕಾರಣ. ಡಿಸೆಂಬರ್, ಜನವರಿಗಳಲ್ಲಿ ಗಂಗೆಯ ಬಯಲನ್ನು ಮುಸುಕುವ ಆ ಮಂಜು ಹನ್ನೊಂದರ ಹೊತ್ತಿಗೆ ಕರಗಿದರೂ ಅದರ ಬಾಲ ಸಂಜೆಯವರೆಗೆ ಚಾಚಿಕೊಂಡಿರುತ್ತದೆ. ನಮ್ಮನ್ನು ಒಯ್ಯಬೇಕಾದ ವಿಮಾನ ಮತ್ತೆಲ್ಲಿಯೋ ಸಿಕ್ಕಿಕೊಂಡಿರುತ್ತದೆ.

ನಮಗೆ ಬಂದದ್ದು ಸಿಟ್ಟು. ಗಂಗೆಯಲ್ಲಿ ಮಿಂದು, ವಿಶ್ವನಾಥನ ದರ್ಶನ ಪಡೆದು ಶಾಂತರಾಗಿದ್ದೇವೆಂದು ತಿಳಿದಿದ್ದ ನಾವು ಒಂದು ಸಂದೇಶಕ್ಕೆ ಅಷ್ಟು ಕುದಿದೆವು. ಆ ಸಿಟ್ಟಿನ ಕುರಿತು ಆಮೇಲೆ ಬಹಳ ಯೋಚಿಸಿದ್ದೇವೆ. ಇದು ಕಾಶಿಯೊಂದರ ಮಾತಲ್ಲ. ದೆಹಲಿಯಲ್ಲಿ ವಿಮಾನ ಬದಲಿಸುವವರು, ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೊರಟು ದುಬೈಯಲ್ಲೋ ದೋಹಾದಲ್ಲೋ ಆರೆಂಟು ಗಂಟೆ ಕೂರುವ ನಮ್ಮ ತಂದೆತಾಯಂದಿರು, ಎಲ್ಲರದೂ ಇದೇ ಪಾಡು. ಆ ಹೊತ್ತನ್ನು ನಾವು ಪ್ರಯಾಣದ ಲೆಕ್ಕಕ್ಕೇ ಸೇರಿಸುವುದಿಲ್ಲ. ಅದು ಯಾರೋ ನಮ್ಮಿಂದ ಕದ್ದ ಹೊತ್ತು ಎಂದು ತಿಳಿಯುತ್ತೇವೆ.

ನಮ್ಮ ಹಿರಿಯರಿಗೆ ಹೀಗನ್ನಿಸುತ್ತಿರಲಿಲ್ಲ. ರೈಲು ಬರುವ ಮುನ್ನ ಕನ್ನಡ ನಾಡಿನಿಂದ ಕಾಶಿಗೆ ಹೊರಟವರು ತಿಂಗಳುಗಟ್ಟಲೆ ನಡೆಯುತ್ತಿದ್ದರು. ಮರಳಿ ಬರುವ ಭರವಸೆಯಿಲ್ಲದೆ ಮನೆಮಂದಿಗೆ ವಿದಾಯ ಹೇಳಿ ಹೊರಡುತ್ತಿದ್ದರು. ಆ ನಡಿಗೆಯಲ್ಲಿ ನಿಲ್ಲುವುದೇ ಹೆಚ್ಚು. ಹೊಳೆ ಇಳಿಯುವವರೆಗೆ ದಡದಲ್ಲಿ ಕಾಯಬೇಕು, ಜೊತೆಯವರ ಜ್ವರ ಬಿಡುವವರೆಗೆ ಛತ್ರದಲ್ಲಿ ತಂಗಬೇಕು. ಅಂಥ ನಿಲುಗಡೆಗಳಲ್ಲಿ ಕಂಡದ್ದೂ ಕೇಳಿದ್ದೂ ಸೇರಿಯೇ ಅದು ಯಾತ್ರೆಯಾಗುತ್ತಿತ್ತು. ಬೆಂಗಳೂರಿನಿಂದ ಎರಡೂವರೆ ಮೂರು ಗಂಟೆಗಳಲ್ಲಿ ಕಾಶಿ ಮುಟ್ಟಿಸುವ ವಿಮಾನ ನಮಗೆ ದೊಡ್ಡ ಉಪಕಾರವನ್ನೇ ಮಾಡಿದೆ. ನಡೆಯಲಾರದ ವೃದ್ಧರೂ ಇಂದು ಗಂಗೆಯನ್ನು ಕಾಣುತ್ತಾರೆ. ಆದರೆ ಅದು ತಂಗುವ ಅಭ್ಯಾಸವನ್ನು ನಮ್ಮಿಂದ ಕಸಿದುಕೊಂಡಿತು. ಅಭ್ಯಾಸ ತಪ್ಪಿದವರಿಗೆ ನಿಲುಗಡೆ ಶಿಕ್ಷೆಯಂತೆ ತೋರುತ್ತದೆ.

ಅಂದು ನಮ್ಮಲ್ಲಿ ಮೂವರು ಇನ್ನೂ ಒಳಗೆ ಹೋಗಿರಲಿಲ್ಲವಾದ್ದರಿಂದ ಒಂದು ಟ್ಯಾಕ್ಸಿ ಹಿಡಿದು ಸಾರನಾಥಕ್ಕೆ ಹೊರಟರು. ಮೂರು ದಿನಗಳ ಪಟ್ಟಿಯಲ್ಲಿ ಸಾರನಾಥವಿತ್ತು, ಸಮಯವಿಲ್ಲವೆಂದು ಕೈಬಿಟ್ಟಿದ್ದೆವು. ಹರಹುವಾದಲ್ಲಿ ವರ್ತುಲ ರಸ್ತೆ ಸೇರಿದರೆ ಊರೊಳಗಿನ ದಟ್ಟಣೆ ತಪ್ಪುತ್ತದೆ. ಅಂದು ಶುಕ್ರವಾರವಲ್ಲದ್ದು ನಮ್ಮ ಪುಣ್ಯ; ಶುಕ್ರವಾರ ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ರಜೆ. 1904-05ರ ಉತ್ಖನನದಲ್ಲಿ ದೊರೆತ, 1950ರ ಜನವರಿ 26ರಂದು ನಮ್ಮ ರಾಷ್ಟ್ರಲಾಂಛನವಾದ ಅಶೋಕನ ಸಿಂಹಶೀರ್ಷ ಅಲ್ಲಿದೆ. ದಿನವೂ ನೋಟಿನ ಮೇಲೆ, ಸರ್ಕಾರಿ ಕಾಗದದ ಮೇಲೆ ಕಾಣುವ ಆ ಸಿಂಹಗಳು ಎದುರಿಗೆ ಆಳೆತ್ತರ ಮೀರಿ ನಿಂತಿರುವುದನ್ನು ಕಂಡಾಗ ಆಗುವ ಅಚ್ಚರಿ ಬೇರೆ. ಕನ್ನಡಿಗರಿಗೆ ಅಲ್ಲಿ ಇನ್ನೊಂದು ನೆನಪು ಬರಬೇಕು. ಅಶೋಕನ ಶಾಸನಗಳು ಬಹುಮಟ್ಟಿಗೆ ಅವನನ್ನು ‘ದೇವಾನಾಂಪ್ರಿಯ’ ಎಂದಷ್ಟೇ ಕರೆಯುತ್ತವೆ. ಆ ದೇವಾನಾಂಪ್ರಿಯನೇ ಅಶೋಕನೆಂದು ಹೆಸರು ಹಿಡಿದು ಸಾರಿದ ಶಾಸನ 1915ರಲ್ಲಿ ದೊರೆತದ್ದು ಇಂದಿನ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಸಾರನಾಥದ ಕಂಬವನ್ನು ನಿಲ್ಲಿಸಿದವನ ಹೆಸರು ನಮ್ಮ ಮಸ್ಕಿಯ ಬಂಡೆಯಲ್ಲಿ ಉಳಿದುಬಂದಿತ್ತು. ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಅವನ ಹೆಸರು ಕೆತ್ತಿದ ಉಬ್ಬುಶಿಲ್ಪವೂ ದೊರೆತಿದೆ. ವಿಮಾನ ಹೊತ್ತಿಗೆ ಸರಿಯಾಗಿ ಹೊರಟಿದ್ದರೆ ಈ ಎರಡು ಊರುಗಳನ್ನು ಜೋಡಿಸಿ ನೋಡುವ ಸಂದರ್ಭವೇ ನಮಗೆ ಒದಗುತ್ತಿರಲಿಲ್ಲ.

ನಿಲ್ದಾಣದಲ್ಲಿಯೇ ಉಳಿದ ನಾಲ್ವರು ಏನನ್ನೂ ಕಳೆದುಕೊಳ್ಳಲಿಲ್ಲ. ನಮ್ಮಲ್ಲಿ ಹಿರಿಯರಾದ ಒಬ್ಬರು ಅಣ್ಣನ ಅಸ್ಥಿ ವಿಸರ್ಜನೆಗೆಂದೇ ಬಂದಿದ್ದರು. ಮೂರು ದಿನವೂ ದೋಣಿ, ಪುರೋಹಿತರು, ದಕ್ಷಿಣೆ, ಸರದಿ, ಆಟೋ ಇವುಗಳ ನಡುವೆಯೇ ಕಳೆದಿದ್ದವು. ಅಸ್ಥಿ ಗಂಗೆಗೆ ಸೇರಿತು. ಅಣ್ಣನ ಬಗ್ಗೆ ಅವರು ಒಂದು ಮಾತೂ ಆಡಿರಲಿಲ್ಲ, ನಾವೂ ಕೇಳಿರಲಿಲ್ಲ. ಅಂದು ಮಧ್ಯಾಹ್ನ ಉಕ್ಕಿನ ಕುರ್ಚಿಯ ಮೇಲೆ ಕೂತು, ಯಾರೂ ಪ್ರಶ್ನಿಸದೆಯೇ, ತಮಗೆ ಈಜು ಕಲಿಸಿದ ಅಣ್ಣನ ಕಥೆಯನ್ನು ಎರಡು ಗಂಟೆ ಹೇಳಿದರು. ಕೊನೆಯ ವರ್ಷಗಳಲ್ಲಿ ಆಸ್ತಿಯ ವಿಷಯಕ್ಕೆ ಮಾತು ನಿಂತುಹೋಗಿದ್ದುದನ್ನೂ ಹೇಳಿದರು. ಘಾಟಿನ ಮೇಲೆ ಬಾರದಿದ್ದ ಕಣ್ಣೀರು ಅಲ್ಲಿ ಬಂತು. ಆ ಕರ್ಮ ಮುಗಿದದ್ದು ಬಾಬತ್‌ಪುರದ ಆ ಕುರ್ಚಿಯ ಮೇಲೆ ಎಂದು ನಮಗೆ ಈಗಲೂ ಅನ್ನಿಸುತ್ತದೆ.

ಹಾಗಾಗಿ ನಮ್ಮ ಅಭಿಪ್ರಾಯವಿಷ್ಟು: ಕಾಯುವ ಹೊತ್ತನ್ನು ಹೇಗಾದರೂ ಕಳೆದುಬಿಡಬೇಕೆಂದು ಹೊರಡದೆ, ಅದರ ಅಳತೆಗೆ ತಕ್ಕ ಕೆಲಸವನ್ನು ಅದಕ್ಕೆ ಒಪ್ಪಿಸಬೇಕು. ನಾಲ್ಕು ಗಂಟೆಗಿಂತ ಕಡಿಮೆಯಿದ್ದರೆ ಹೊರಗೆ ಹೋಗುವ ಆಸೆ ಬೇಡ. ಬಾಬತ್‌ಪುರದಿಂದ ಊರು ಸುಮಾರು ಇಪ್ಪತ್ತೈದು ಕಿಲೋಮೀಟರು. ಹೋದ ಹೊತ್ತೆಲ್ಲ ಗಡಿಯಾರ ನೋಡುವುದರಲ್ಲೇ ಮುಗಿಯುತ್ತದೆ. ಪುಸ್ತಕವೊಂದು ಕೈಚೀಲದಲ್ಲಿರಲಿ, ಯಾತ್ರೆಯ ಲೆಕ್ಕವನ್ನೂ ನೆನಪನ್ನೂ ಅಲ್ಲೇ ಬರೆದಿಡಬಹುದು. ಆರೇಳು ಗಂಟೆಯಿದ್ದರೆ ಗೋದೌಲಿಯದ ಇಕ್ಕಟ್ಟಿಗಿಂತ ಸಾರನಾಥವೇ ಮೇಲು. ಇಡೀ ರಾತ್ರಿ ಸಿಕ್ಕರೆ ಮಾತ್ರ ಘಾಟುಗಳಿಗೆ ಹೋಗಬೇಕು. ಹನುಮಾನ್ ಘಾಟಿನ ಬಳಿ ಮೈಸೂರು ಸಂಸ್ಥಾನದ ನೆನಪನ್ನು ಉಳಿಸಿಕೊಂಡಿರುವ ಕರ್ನಾಟಕ ಘಾಟಿದೆ; ಅದರ ನೆರೆಯಲ್ಲೇ ಹರಿಶ್ಚಂದ್ರ ಘಾಟು. ರಾಘವಾಂಕನನ್ನು ಓದಿದವರಿಗೆ ಆ ಮೆಟ್ಟಿಲುಗಳ ಮೇಲೆ ಯಾವ ಮಾರ್ಗದರ್ಶಿಯೂ ಬೇಕಿಲ್ಲ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಭದ್ರತಾ ತಪಾಸಣೆ ಮುಗಿಸಿ ಒಳಗೆ ಹೋದವರು ತಮ್ಮಷ್ಟಕ್ಕೆ ಹೊರಬರುವಂತಿಲ್ಲ. ವಿಮಾನ ಸಂಸ್ಥೆಯ ಸಿಬ್ಬಂದಿಯನ್ನು ಕೇಳಬೇಕು. ಏಳು ಗಂಟೆಗೆಂದು ಹೇಳಿದ ವಿಮಾನ ಮಂಜು ಬೇಗ ಕರಗಿದರೆ ಐದಕ್ಕೇ ಸಿದ್ಧವಾಗಲೂಬಹುದು. ಆದ್ದರಿಂದ ಹೊರಗೆ ಹೋದವರ ಮೊಬೈಲು ಎಚ್ಚರವಾಗಿರಬೇಕು, ಕರೆತಂದ ಟ್ಯಾಕ್ಸಿಯನ್ನು ಕಳಿಸಿಬಿಡಬಾರದು.

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ‘ಕಾಯುವುದನ್ನು ಸವಿಯಿರಿ’ ಎಂಬ ಉಪದೇಶ ಆರೋಗ್ಯವಂತರಿಗೆ, ಕೈಯಲ್ಲಿ ಕಾಸಿರುವವರಿಗೆ ಸಲ್ಲುತ್ತದೆ. ಅದೇ ಸಾಲಿನಲ್ಲಿ ಹಸುಗೂಸನ್ನು ಮಡಿಲಲ್ಲಿ ಮಲಗಿಸಿಕೊಂಡ ತಾಯಿಯಿದ್ದಳು. ಸಕ್ಕರೆ ಕಾಯಿಲೆಯ ಮುದುಕರೊಬ್ಬರು ಊಟದ ಹೊತ್ತು ಮೀರಿ ಕಂಗಾಲಾಗಿದ್ದರು. ಮರುದಿನ ಕೆಲಸಕ್ಕೆ ಹಾಜರಾಗದಿದ್ದರೆ ಕೂಲಿ ಹೋಗುತ್ತದೆಂದು ಒಬ್ಬ ಯುವಕ ಮತ್ತೆ ಮತ್ತೆ ಕೌಂಟರಿಗೆ ಹೋಗಿ ಬರುತ್ತಿದ್ದ. ಇವರಿಗೆ ಅಶೋಕನ ಕಥೆ ಹೇಳುವುದು ಕ್ರೌರ್ಯ. ಮೊದಲು ಬೇಕಾದದ್ದು ಕಾಲು ಚಾಚಲು ಜಾಗ, ಅನ್ನ, ಮತ್ತು ನಿಜವಾದ ಸುದ್ದಿ.

ನಿಯಮವೇನೋ ಇದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರಕಾರ, ಸಕಾಲಕ್ಕೆ ಚೆಕ್‌ಇನ್ ಮಾಡಿದ ಪ್ರಯಾಣಿಕರಿಗೆ ತಡವಾದಾಗ ಸಂಸ್ಥೆಯೇ ಊಟ ಉಪಾಹಾರ ನೀಡಬೇಕು. ಎರಡೂವರೆ ಗಂಟೆಯೊಳಗಿನ ಹಾರಾಟಕ್ಕೆ 2 ಗಂಟೆ, ಅದನ್ನು ಮೀರಿ ಐದು ಗಂಟೆಯವರೆಗಿನದಕ್ಕೆ 3 ಗಂಟೆ ತಡವಾದರೆ ಈ ಹೊಣೆ ಬರುತ್ತದೆ. 6 ಗಂಟೆ ಮೀರುವ ತಡಕ್ಕೆ ಬೇರೆ ವಿಮಾನವನ್ನೋ ಪೂರ್ಣ ಹಣವನ್ನೋ ಕೊಡಬೇಕು. ಮಂಜಿನಂಥ ಕಾರಣಕ್ಕೆ ಪರಿಹಾರಧನವಿಲ್ಲ, ಅದು ನ್ಯಾಯವೇ. ಆದರೆ ಅಂದು ನಾವು ಕಂಡಂತೆ ಕೇಳಿದವರಿಗೆ ಊಟದ ಚೀಟಿ ಸಿಕ್ಕಿತು. ಕೇಳಬಹುದೆಂದು ಅರಿಯದವರು ದುಬಾರಿ ಚಹಾ ಕೊಂಡು ಕುಡಿದರು, ಇಲ್ಲವೇ ಸುಮ್ಮನಿದ್ದರು. ಆ ಮುದುಕರು ಎರಡನೆಯವರ ಗುಂಪಿನಲ್ಲಿದ್ದರು. ಚೀಟಿ ಅವರ ಕೈ ಸೇರಿದ್ದು ನಮ್ಮವರೊಬ್ಬರು ಜಗಳವಾಡಿದ ಮೇಲೆ. ನಿಯಮವನ್ನು ಪ್ರಯಾಣಿಕರ ಭಾಷೆಗಳಲ್ಲಿ ಬಾಗಿಲಲ್ಲೇ ಬರೆದು ಹಾಕಲು ಎಷ್ಟು ಖರ್ಚಾದೀತು? ಬೆಂಗಳೂರಿಗೆ ಹೊರಡುವ ದ್ವಾರದಲ್ಲಿ ಕನ್ನಡದ ನಾಲ್ಕು ಸಾಲು ಅತಿಯಾಸೆಯೇನಲ್ಲ. ಅಂಗಡಿಗಳಿಗೆ ಕೊಡುವ ಜಾಗದಲ್ಲಿ ಒಂದು ಪಾಲನ್ನು ವೃದ್ಧರೂ ಮಕ್ಕಳೂ ಮಲಗಲು ಬಿಡಿ ಎಂದು ದೇಶದ ಎಲ್ಲ ನಿಲ್ದಾಣಗಳನ್ನೂ ಕೇಳುವ ಹಕ್ಕು ನಮಗಿದೆ.

ಇದು ಹೊಸ ಬೇಡಿಕೆಯಲ್ಲ. ದಾರಿಹೋಕರ ನೀರಿಗೆ ಅರವಟ್ಟಿಗೆ, ಅನ್ನಕ್ಕೆ ಸತ್ರ, ಇವಕ್ಕೆಂದು ಭೂಮಿ ಬಿಟ್ಟ ದಾನಗಳು ಕನ್ನಡ ಶಾಸನಗಳಲ್ಲಿ ಉಂಟು. ದಾನಶಾಸನಗಳ ಕೊನೆಗೆ ಬರುವ ಶಾಪಾಶಯವೂ ನಮಗೆ ಪರಿಚಿತ: ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ಬರಲಿ ಎಂದು. ಕಾಶಿಯನ್ನು ಕಾಣದ ಎಷ್ಟೋ ಹಳ್ಳಿಗಳ ಕಲ್ಲುಗಳು ಕಾಶಿಯ ಹೆಸರಿನಲ್ಲಿ ಆಣೆಯಿಟ್ಟು ಧರ್ಮವನ್ನು ಕಾದವು. ದಾರಿಯಲ್ಲಿ ನಿಂತವನನ್ನು ನೋಡಿಕೊಳ್ಳುವುದು ಊರಿನ ಹೊಣೆ ಎಂದು ಬಗೆದ ನಾಡು ನಮ್ಮದು.

ರಾತ್ರಿ ಎಂಟರ ಸುಮಾರಿಗೆ ನಮ್ಮ ವಿಮಾನ ಹೊರಟಿತು. ಸಾರನಾಥದಿಂದ ಬಂದವರು ಸಿಂಹಗಳ ಬಗ್ಗೆ ಹೇಳಿದರು. ಉಳಿದವರು ಅಣ್ಣನ ಕಥೆಯನ್ನು ಅವರಿಗೆ ಹೇಳಲಿಲ್ಲ, ಅದನ್ನು ಹೇಳಬೇಕಾದವರು ಕಿಟಕಿಯ ಬಳಿ ನಿದ್ರೆಹೋಗಿದ್ದರು. ಮುಂದಿನ ಸಲ ಕಾಶಿಗೆ ಹೊರಟಾಗ ನಾವು ಮೂರು ದಿನದ ಪಟ್ಟಿಯಲ್ಲಿ ಒಂದು ದಿನವನ್ನು ಖಾಲಿ ಬಿಡುವುದೆಂದು ನಿಶ್ಚಯಿಸಿದ್ದೇವೆ. ಮಂಜು ಬಂದರೆ ಅದಕ್ಕೆ, ಬಾರದಿದ್ದರೆ ನಮಗೆ.