ಹಿಡಿಯುವವನ ಬೆಲೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಮಕ್ಕಳಿಗೆ ಕಬಡ್ಡಿ ಹೊಸದೇನಲ್ಲ. ಆದರೆ ಚಪ್ಪಾಳೆಯೆಲ್ಲ ದಾಳಿಗಾರನಿಗೆ. ಮೂಲೆಯಲ್ಲಿ ನಿಂತು ಕಾಲು ಹಿಡಿಯುವವನನ್ನು ಕೇಳುವವರಿಲ್ಲ. 2023ರ ಪ್ರೊ ಕಬಡ್ಡಿ ಹರಾಜಿನಲ್ಲಿ ಇರಾನಿನ ಎಡಮೂಲೆಯ ಆಟಗಾರ ಮೊಹಮ್ಮದ್‌ರೆಜಾ ಶಾದ್ಲೂಯಿಗೆ ಪುಣೇರಿ ಪಲ್ಟನ್ ತಂಡ ಕೊಟ್ಟದ್ದು 2.35 ಕೋಟಿ ರೂಪಾಯಿ! ಆ ಋತುವಿನಲ್ಲಿ ಅತಿ ಹೆಚ್ಚು ಟ್ಯಾಕಲ್ ಅಂಕ ಅವನದೇ. 2024ರ ಮಾರ್ಚ್‌ನಲ್ಲಿ ತಂಡ ಪ್ರಶಸ್ತಿ ಗೆದ್ದಾಗ ತರಬೇತುದಾರರಾಗಿದ್ದವರು ಕರ್ನಾಟಕದ ಬಿ.ಸಿ. ರಮೇಶ್.

ದಾಳಿಗೆ 30 ಸೆಕೆಂಡು. ಅಷ್ಟರಲ್ಲಿ ಎದುರಾಳಿಯ ಭಾರ ಯಾವ ಕಾಲಿನ ಮೇಲಿದೆಯೆಂದು ಅರಿತು ಹಿಡಿಯಬೇಕು. ಅಂಗಳದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ಹಿಡಿದರೆ ಎರಡು ಅಂಕ. ಮೊಣಕಾಲಿಗೆ ಪೆಟ್ಟಾದರೆ ಮಾತ್ರ ಆ ವರ್ಷವೇ ಹೋದಂತೆ. ಪಾಲಕರು ಪುಸ್ತಕ ಮುಚ್ಚಿಸುವುದು ಬೇಡ. ರೈಲ್ವೆಯ ಕ್ರೀಡಾ ಕೋಟಾದ ಅರ್ಜಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಲಗತ್ತಿಸಲೇಬೇಕು.