ಟ್ಯೂಬಿಗೂ ಒಂದು ವಯಸ್ಸು

ಬೇಸಿಗೆ ರಜೆಯ ಕ್ರೀಡಾ ಶಿಬಿರಕ್ಕೆ ಮಗಳನ್ನು ಹೊರಡಿಸುವಾಗ ತಾಯಿಗೆ ಕಪಾಟಿನಲ್ಲಿದ್ದ ಸನ್‌ಸ್ಕ್ರೀನ್ ಟ್ಯೂಬಿನ ನೆನಪಾಗುತ್ತದೆ. ಮೂರು ವರ್ಷದ ಹಿಂದೆ ಗೋಕರ್ಣ ಪ್ರವಾಸಕ್ಕೆಂದು ಕೊಂಡದ್ದು. ಇನ್ನೂ ಅರ್ಧಕ್ಕಿಂತ ಹೆಚ್ಚಿದೆ. ಎಸೆಯಲು ಮನಸ್ಸು ಬಾರದು. ‘ಪರಿಮಳ ಚೆನ್ನಾಗಿಯೇ ಇದೆಯಲ್ಲ’ ಎಂದು ಹಚ್ಚಿ ಕಳಿಸುತ್ತಾರೆ.

ಹಳೆಯ ಕ್ರೀಮಿನಿಂದ ಕೆಲವರಿಗೆ ತುರಿಕೆ ಬರಬಹುದು. ಅದಕ್ಕಿಂತ ದೊಡ್ಡ ಅಪಾಯವೆಂದರೆ ಅದು ಕೊಡುವ ಹುಸಿ ಧೈರ್ಯ. ಹೇಗೂ ಹಚ್ಚಿಕೊಂಡಾಯಿತಲ್ಲ ಎಂದು ಮಕ್ಕಳು ಟೋಪಿ, ನೆರಳು ಎರಡನ್ನೂ ಮರೆಯುತ್ತಾರೆ. ನೇರಳಾತೀತ ಕಿರಣಗಳು ಕಣ್ಣಿಗೆ ಕಾಣವು. ಚರ್ಮ ಕೆಂಪಾಗಿ ಉರಿಯತೊಡಗುವುದು ಕೆಲವು ಗಂಟೆಗಳ ನಂತರ.

ಕ್ರೀಮು ಹಳತಾಗುವುದು ಹೇಗೆ? ಈ ಕಿರಣಗಳನ್ನು ಹೀರಿಕೊಳ್ಳುವ ಅವೊಬೆಂಜೋನ್‌ನಂಥ ರಾಸಾಯನಿಕಗಳು ಬೆಳಕಿಗೆ ಸಿಕ್ಕಿ ಒಡೆಯುತ್ತವೆ. ಜಿಂಕ್ ಆಕ್ಸೈಡ್ ಖನಿಜವಾದ್ದರಿಂದ ಸುಲಭವಾಗಿ ಕೆಡದು. ಆದರೆ ಅದನ್ನು ಹಿಡಿದಿಟ್ಟ ಎಣ್ಣೆ ಮತ್ತು ನೀರು ಬೇರ್ಪಟ್ಟರೆ ಅದು ಗಂಟುಗಟ್ಟುತ್ತದೆ, ಚರ್ಮದ ಮೇಲೆ ಸಮನಾಗಿ ಹರಡುವುದಿಲ್ಲ. ಬಿಸಿಲಿಗೆ ಕಾದ ಕಾರು, ಸ್ಕೂಟರಿನ ಡಿಕ್ಕಿಗಳಲ್ಲಿಟ್ಟರೆ ಈ ಕೆಲಸ ಇನ್ನೂ ಬೇಗ. ನೀರು ಒಸರುವುದು, ಬಣ್ಣ ಅಥವಾ ವಾಸನೆ ಬದಲಾಗುವುದು ಕೆಟ್ಟಿರುವುದರ ಗುರುತು. ವಾಸನೆ ಸರಿಯಿದ್ದ ಮಾತ್ರಕ್ಕೆ ಶಕ್ತಿ ಉಳಿದಿದೆ ಎನ್ನುವಂತಿಲ್ಲ.

ಭಾರತದ ಟ್ಯೂಬುಗಳ ಮೇಲೆ ಯಾವ ತಿಂಗಳು, ಯಾವ ವರ್ಷದೊಳಗೆ ಬಳಸಬೇಕೆಂದು ಅಚ್ಚಾಗಿರುತ್ತದೆ. ಹಲವು ಬಾರಿ ಇದು ಟ್ಯೂಬಿನ ತುದಿಯ ಮಡಿಕೆಯ ಮೇಲಿರುತ್ತದೆ. ಪಕ್ಕದ ಬ್ಯಾಚ್ ಸಂಖ್ಯೆಯನ್ನು ದಿನಾಂಕವೆಂದು ತಿಳಿಯಬಾರದು. ಮುಚ್ಚಳ ತೆರೆದ ಪುಟ್ಟ ಡಬ್ಬಿಯ ಚಿತ್ರದಲ್ಲಿ ‘12 ಎಂ’ ಎಂದಿದ್ದರೆ, ಮುಚ್ಚಳ ತೆರೆದ ಮೇಲೆ 12 ತಿಂಗಳು ಎಂದರ್ಥ. ಅಮೆರಿಕದಿಂದ ನೆಂಟರು ತಂದ ಟ್ಯೂಬಿನಲ್ಲಿ ದಿನಾಂಕವೇ ಇಲ್ಲದಿರಬಹುದು. ಕನಿಷ್ಠ 3 ವರ್ಷ ಕೆಡದೆಂದು ಪರೀಕ್ಷೆಯಲ್ಲಿ ತೋರಿಸಿದ ಕ್ರೀಮಿಗೆ ಅಲ್ಲಿ ದಿನಾಂಕ ಕಡ್ಡಾಯವಿಲ್ಲ. ಅಂಥದ್ದರ ಮೇಲೆ ಕೊಂಡ ತಿಂಗಳನ್ನು ಅಳಿಸದ ಪೆನ್ನಿನಲ್ಲಿ ಬರೆದಿಡುವುದು ಒಳ್ಳೆಯದು. ಕೊಂಡದ್ದು ಯಾವಾಗ ಎಂಬುದೇ ನೆನಪಿಲ್ಲದ ಟ್ಯೂಬನ್ನು ಎಸೆಯುವುದೇ ಲೇಸು.

ಇನ್ನೊಂದು ಲೆಕ್ಕವೂ ಇದೆ. ಎಸ್‌ಪಿಎಫ್ ಅಳೆಯುವಾಗ ಚರ್ಮದ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಕ್ರೀಮು ಹಚ್ಚುತ್ತಾರೆ. ಆ ಅಳತೆಯಲ್ಲಿ ದೊಡ್ಡವರ ಮೈಗೆಲ್ಲ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು. ಬಿಸಿಲಲ್ಲಿ ಆಡುವವರು ಎರಡು ಗಂಟೆಗೊಮ್ಮೆ, ಬೆವರಿಳಿದರೆ ಇನ್ನೂ ಬೇಗ, ಮತ್ತೆ ಹಚ್ಚಿಕೊಳ್ಳಬೇಕು. ಮುಖ, ಕತ್ತು, ಕೈಗಳಿಗೆ ಮಾತ್ರ ಹೀಗೆ ಬಳಸಿದರೂ 50 ಗ್ರಾಂ ಟ್ಯೂಬು ಕೆಲವೇ ವಾರಗಳಲ್ಲಿ ಮುಗಿಯಬೇಕು. ಶಿಬಿರವಿಡೀ ಬಳಸಿದ ಟ್ಯೂಬು ಮುಂದಿನ ಬೇಸಿಗೆಗೂ ಉಳಿದಿದೆ ಎಂದರೆ ಮಗು ಹಚ್ಚಿಕೊಂಡದ್ದು ಸಾಲದು ಎಂದೇ ತಿಳಿಯಬೇಕು.

ಹೊಸ ಟ್ಯೂಬು ತರುವವರೆಗೆ ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ, ಮಧ್ಯಾಹ್ನದ ಹೊತ್ತು ಮರದ ನೆರಳು ಇವೆಯಲ್ಲ. ಅವುಗಳಿಗೆ ಕೊನೆಯ ದಿನಾಂಕ ನೋಡಬೇಕಾಗಿಲ್ಲ.