ಪ್ರಬಂಧಕ್ಕೂ ಒಬ್ಬ ಧಣಿ

ಉಳುವವನೇ ಹೊಲದೊಡೆಯ ಎಂದು ಕರ್ನಾಟಕ 1974ರಲ್ಲೇ ಕಾನೂನು ಮಾಡಿತು. ಆ ಕಾನೂನು ವಿಶ್ವವಿದ್ಯಾಲಯಗಳ ಲ್ಯಾಬಿನ ಹೊಸ್ತಿಲು ಇನ್ನೂ ದಾಟಿಲ್ಲ. ರಾತ್ರಿಯೆಲ್ಲ ನಿಂತು ಸ್ಯಾಂಪಲ್ ನೋಡುವವಳು ಸಂಶೋಧನಾ ವಿದ್ಯಾರ್ಥಿನಿ. ಬಿಸಿಲಲ್ಲಿ ಊರೂರು ತಿರುಗಿ ಪ್ರಶ್ನಾವಳಿ ತುಂಬಿಸಿಕೊಂಡು ಬರುವವನು ದಿನಗೂಲಿಯ ಹುಡುಗ. ಪ್ರಬಂಧ ಜರ್ನಲ್‌ಗೆ ಹೋಗುವಾಗ ಎಷ್ಟೋ ಕಡೆ ಮೊದಲ ಹೆಸರು ಗೈಡ್‌ದು, ಎರಡನೆಯದು ವಿಭಾಗದ ಮುಖ್ಯಸ್ಥರದು. ವಿದ್ಯಾರ್ಥಿನಿ ಮೂರನೆಯವಳು. ಆ ಹುಡುಗ ಲೆಕ್ಕಕ್ಕೇ ಇಲ್ಲ.

ಇದನ್ನು ಸಂಪ್ರದಾಯ ಅನ್ನುತ್ತಾರೆ. ನಾನು ಕಳವು ಅನ್ನುತ್ತೇನೆ.

ನಿಯಮ ಗೊತ್ತಿಲ್ಲವೆಂದು ಯಾರೂ ಹೇಳುವಂತಿಲ್ಲ. 1978ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿದ ವೈದ್ಯಕೀಯ ಜರ್ನಲ್ ಸಂಪಾದಕರ ಕೂಟ ಮುಂದೆ ಇದನ್ನು ಬಿಡಿಸಿ ಬರೆಯಿತು: ಲೇಖಕ ಅನ್ನಿಸಿಕೊಳ್ಳುವವರು ಕೆಲಸದಲ್ಲಿ ಗಣನೀಯವಾಗಿ ದುಡಿದಿರಬೇಕು, ಬರೆದಿರಬೇಕು ಇಲ್ಲವೇ ತಿದ್ದಿರಬೇಕು, ಕೊನೆಯ ಪ್ರತಿಯನ್ನು ಒಪ್ಪಿರಬೇಕು, ಇಡೀ ಪ್ರಬಂಧಕ್ಕೆ ಉತ್ತರ ಕೊಡಲು ಸಿದ್ಧರಿರಬೇಕು. ನಾಲ್ಕೂ ಬೇಕು. ಅನುದಾನ ತಂದದ್ದಷ್ಟೇ ಸಾಲದು, ಮೇಲ್ವಿಚಾರಣೆ ಮಾಡಿದ್ದಷ್ಟೇ ಸಾಲದು.

ನಮ್ಮಲ್ಲಿ ಹೆಸರಿಗೆ ಬೆಲೆ ಕಟ್ಟಿದ್ದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ). ಅಧ್ಯಾಪಕರ ಬಡ್ತಿಗೆ ಎಣಿಸುವ ಅಂಕಗಳಲ್ಲಿ, 2018ರ ಅದರ ನಿಯಮದಂತೆ, ಮಾನವಿಕ ವಿಷಯಗಳ ಒಂದು ಪ್ರಬಂಧಕ್ಕೆ 10 ಅಂಕ. ಇಬ್ಬರು ಲೇಖಕರಿದ್ದರೆ ತಲಾ ಶೇ 70. ಅಂದರೆ ಒಬ್ಬಳೇ ಬರೆದರೆ 10, ಪಕ್ಕದಲ್ಲೊಂದು ಹೆಸರು ಸೇರಿಸಿದರೆ ಒಟ್ಟು 14! ಕೈ ಕೆಸರಾಗದವನಿಗೂ ಮೊಸರು ಬಡಿಸುವ ಲೆಕ್ಕ ಇದು. ಬಡ್ತಿಗಾಗಿ ಹೆಸರು ಬೇಡುವವರನ್ನು ಬೆಳೆಸಿದ್ದು ಈ ಲೆಕ್ಕವೇ.

ಈ ರೋಗ ನಮ್ಮದೊಂದೇ ಅಲ್ಲ. ಪ್ಯಾರಿಸಿನ ವೈದ್ಯೆ ಮಾರ್ಥ್ ಗೋತಿಯೆ ಸಾಲ ಮಾಡಿ ಗಾಜಿನ ಸಾಮಾನು ಕೊಂಡಳು, ಸೀರಮ್ ಬೇಕಾದಾಗ ತನ್ನದೇ ರಕ್ತ ತೆಗೆದಳು, ಜೀವಕೋಶ ಬೆಳೆಸಿದಳು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಒಂದು ಕ್ರೋಮೊಸೋಮ್ ಹೆಚ್ಚಿರುವುದು ಆ ಸ್ಲೈಡುಗಳಲ್ಲೇ ಕಂಡದ್ದು. ಫೋಟೊ ತೆಗೆಸುತ್ತೇನೆಂದು ಸ್ಲೈಡು ಒಯ್ದ ಸಹೋದ್ಯೋಗಿ ಜೆರೋಮ್ ಲೆಜೂನ್, 1959ರ ಪ್ರಬಂಧದಲ್ಲಿ ಮೊದಲ ಲೇಖಕ. ಅವಳದು ಎರಡನೆಯ ಹೆಸರು, ಅದನ್ನೂ ತಪ್ಪಾಗಿ ಅಚ್ಚು ಹಾಕಿದರು. 2014ರಲ್ಲಿ, 88ರ ವಯಸ್ಸಿನಲ್ಲಿ, ಬೋರ್ಡೊ ನಗರದ ಸಮ್ಮೇಳನದಲ್ಲಿ ತನ್ನ ಕತೆ ಹೇಳಲು ಆಕೆ ಹೊರಟಾಗ ಲೆಜೂನ್ ಪ್ರತಿಷ್ಠಾನ ಭಾಷಣ ದಾಖಲಿಸಿಕೊಳ್ಳಲು ಕೋರ್ಟಿನ ಅಮೀನರನ್ನು ಕಳಿಸಿತು. ಸಂಘಟಕರು ಹೆದರಿ ಭಾಷಣವನ್ನೇ ರದ್ದು ಮಾಡಿದರು. ಐವತ್ತೈದು ವರ್ಷ ಕಳೆದರೂ ಆ ಮುದುಕಿಯ ಬಾಯಿಗೆ ಕಾವಲು!

ಕೆಲಸ ನೋಡದೆಯೇ ಹೆಸರು ಹಾಕಿಸಿಕೊಳ್ಳುವವರೂ ಇದ್ದಾರೆ. ಸಿಕ್ಕಿಬಿದ್ದಾಗ ಅವರು ಏನು ಹೇಳುತ್ತಾರೆ? ನಾವು ನೋಡಿರಲಿಲ್ಲ ಅನ್ನುತ್ತಾರೆ. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, 'ಲ್ಯಾನ್ಸೆಟ್' ಒಂದು ಪ್ರಬಂಧ ಪ್ರಕಟಿಸಿತು: ಆರು ಖಂಡ, 671 ಆಸ್ಪತ್ರೆ, 96,000 ರೋಗಿಗಳು, ಹೈಡ್ರಾಕ್ಸಿಕ್ಲೋರೋಕ್ವಿನ್ ಅಪಾಯಕಾರಿ. ಅದನ್ನು ನಂಬಿ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧಿಯ ಪ್ರಯೋಗವನ್ನು ತಡೆಹಿಡಿಯಿತು. ಮಾಹಿತಿ ಸರ್ಜಿಸ್ಫಿಯರ್ ಎಂಬ ಕಂಪನಿಯದು, ಅದರ ಮುಖ್ಯಸ್ಥನೇ ಲೇಖಕರಲ್ಲೊಬ್ಬ. ಸಂದೇಹ ಎದ್ದ ಮೇಲೆ ಉಳಿದ ಮೂವರು ಮೂಲ ಮಾಹಿತಿಯ ತಪಾಸಣೆಗೆ ಮುಂದಾದರು. ಕಂಪನಿ ಕೊಡಲಿಲ್ಲ. ಜೂನ್ 4ಕ್ಕೆ ಪ್ರಬಂಧ ವಾಪಸ್. ಮೊದಲೇ ಕೇಳಬೇಕಿತ್ತಲ್ಲವೇ? ಸಾಯುವವರ ಔಷಧಿಯ ವಿಷಯದಲ್ಲಿ, ಕಣ್ಣಾರೆ ಕಾಣದ ಮಾಹಿತಿಯ ಕೆಳಗೆ ಹೆಸರು ಹಾಕುವ ಧೈರ್ಯ ಎಲ್ಲಿಂದ ಬಂತು?

ಹೆಸರು ಕಳೆದುಕೊಂಡ ವಿದ್ಯಾರ್ಥಿನಿ ದೂರು ಕೊಡಲಿ ಅನ್ನುತ್ತೀರಿ. ಯಾರಿಗೆ? ಯುಜಿಸಿಯ ಕೃತಿಚೌರ್ಯ ತಡೆ ನಿಯಮ ಬಂದದ್ದೂ 2018ರಲ್ಲೇ. ಶೇ 10ರ ತನಕ ಹೋಲಿಕೆಗೆ ದಂಡವಿಲ್ಲ, ಮೀರಿದರೆ ಹಂತ ಹಂತವಾಗಿ ಶಿಕ್ಷೆ. ಸಾಫ್ಟ್‌ವೇರ್ ಕದ್ದ ವಾಕ್ಯ ಹಿಡಿಯುತ್ತದೆ, ಕದ್ದ ದುಡಿಮೆಯನ್ನು ಹಿಡಿಯುವುದಿಲ್ಲ. ವಿಭಾಗದ ಮಟ್ಟದಲ್ಲಿ ವಿಚಾರಣೆ ಮಾಡುವ ಸಮಿತಿಗೆ ಅಧ್ಯಕ್ಷರು ಯಾರು ಗೊತ್ತೇ? ವಿಭಾಗದ ಮುಖ್ಯಸ್ಥರು. ಪ್ರಬಂಧದ ಎರಡನೆಯ ಹೆಸರು ಅವರದೇ ಆಗಿದ್ದರೆ ಆ ಹುಡುಗಿ ಯಾರ ಬಾಗಿಲು ತಟ್ಟಬೇಕು? ಅವಳ ಪಿಎಚ್‌ಡಿಗೆ ಗೈಡ್ ಸಹಿ ಇನ್ನೂ ಬಿದ್ದಿಲ್ಲ. ಆ ಸಮಿತಿಯನ್ನು ವಿಭಾಗದ ಹೊರಗೆ ತನ್ನಿ. ಯಾರು ಯಾವ ಕೆಲಸ ಮಾಡಿದರು ಎಂದು ಪ್ರತಿ ಪ್ರಬಂಧದಲ್ಲೂ ಅಚ್ಚು ಹಾಕಿಸಿ, ದಿನಗೂಲಿಯ ಹುಡುಗನದನ್ನೂ ಸೇರಿಸಿ. ಮಾಡದ ಕೆಲಸಕ್ಕೆ ಪಡೆದ ಅಂಕ, ಅದರಿಂದ ಸಿಕ್ಕ ಬಡ್ತಿ, ಎರಡನ್ನೂ ಕಿತ್ತುಕೊಳ್ಳಿ.